ಪ್ರೋಗ್ರಾಮರನ ಕಿರ್ದಿ

ಕವಿಯೊಬ್ಬನು ತನ್ನ ಕವನದ ಕರಡನ್ನು ಹರಿದು ಬುಟ್ಟಿಗೆ ಹಾಕಿದರೆ ಅವನನ್ನು ಕೇಳುವವರಿಲ್ಲ. ಅಚ್ಚಾಗಿ ಹೊರಬಂದ ಪಾಠವೇ ಓದುಗನಿಗೆ ಸಲ್ಲುವ ಪಾಠ. ಅದರ ಹಿಂದೆ ಎಷ್ಟು ಸಾಲುಗಳು ಹೊಡೆದುಹೋದವು, ಯಾವ ಪದವು ಯಾವ ಪದಕ್ಕೆ ಎಡೆಬಿಟ್ಟುಕೊಟ್ಟಿತು ಎಂಬುದೆಲ್ಲ ಮುಂದೆಂದೋ ಬರುವ ಸಂಶೋಧಕನ ಕುತೂಹಲಕ್ಕೆ ಬಿಟ್ಟ ಮಾತು. ಆದರೆ ಬರವಣಿಗೆಯಿಂದಲೇ ಹೊಟ್ಟೆ ಹೊರೆಯುವ ಇನ್ನೊಂದು ವರ್ಗ ಕಳೆದ ಅರ್ಧ ಶತಮಾನದಲ್ಲಿ ಬೆಳೆದುಬಂದಿದೆ. ಆ ವರ್ಗದವರು ತಮ್ಮ ಕರಡನ್ನು ಹರಿಯುವಂತಿಲ್ಲ. ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ತಿದ್ದಿದವರ ಹೆಸರು, ತಾರೀಖು, ಹೊತ್ತು, ಕಾರಣಗಳ ಸಮೇತ ಕಾಪಿಡುವುದು ಅವರ ವೃತ್ತಿಧರ್ಮ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರ ಮಾತನ್ನು ನಾನು ಹೇಳುತ್ತಿದ್ದೇನೆ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಮಂದಿ ಈ ಕೆಲಸದಲ್ಲಿದ್ದಾರೆ. ಈ ಮಾತುಗಳನ್ನು ಕೇಳುತ್ತಿರುವವರ ಮನೆಗಳಲ್ಲಿಯೂ ಮಗನೋ ಮಗಳೋ ಸೊಸೆಯೋ ಅಂಥವರೊಬ್ಬರು ಇದ್ದಾರು. ಊಟಕ್ಕೆ ಕರೆದರೂ ಏಳದೆ, 'ಇದೊಂದು ಕಮಿಟ್ ಮಾಡಿ ಬಂದೆ' ಎಂದು ಅವರು ಹೇಳುವುದನ್ನು ನೀವು ಕೇಳಿರಬಹುದು. ಈ ಕಮಿಟ್ ಎಂಬುದು ಏನು, ಅದನ್ನು ಎಷ್ಟು ಹೊತ್ತಿಗೊಮ್ಮೆ ಮಾಡಬೇಕು ಎಂಬುದೇ ಇಂದಿನ ವಿಷಯ. ಬಹುಕಾಲದಿಂದ ಅದೇ ಕಾಯಕದಲ್ಲಿರುವವನಾದ್ದರಿಂದ ನನಗೆ ಕಂಡಂತೆ ಹೇಳುತ್ತೇನೆ.

ಪ್ರೋಗ್ರಾಂ ಎಂದರೆ ಯಂತ್ರದ ಒಡಲೊಳಗಿನ ಯಾವುದೋ ಮಾಯೆ ಎಂದು ಬಗೆಯಬೇಕಾಗಿಲ್ಲ. ಅದೂ ಒಂದು ಬರಹ. ಕಾಗುಣಿತ, ವ್ಯಾಕರಣ, ವಿರಾಮಚಿಹ್ನೆಗಳ ಕಟ್ಟಳೆಗೆ ಒಳಪಟ್ಟ, ಸಾಲುಸಾಲಾಗಿ ಓದಬಹುದಾದ ಬರಹ. ನಮ್ಮ ಬರಹಗಳಿಗೂ ಅದಕ್ಕೂ ಇರುವ ದೊಡ್ಡ ಭೇದವೆಂದರೆ ಅದಕ್ಕೆ ಮುಕ್ತಾಯವಿಲ್ಲ. ಬ್ಯಾಂಕಿನ ಬಡ್ಡಿ ಲೆಕ್ಕಹಾಕುವ ಪ್ರೋಗ್ರಾಂ ಇಪ್ಪತ್ತು, ಮೂವತ್ತು ವರ್ಷ ಬದುಕಬಹುದು. ಆ ಅವಧಿಯಲ್ಲಿ ಬಡ್ಡಿಯ ದರ ಬದಲಾಗುತ್ತದೆ, ತೆರಿಗೆಯ ಕಾನೂನು ಬದಲಾಗುತ್ತದೆ, ಯಂತ್ರಗಳು ಬದಲಾಗುತ್ತವೆ, ಬರೆಯುವವರೂ ಬದಲಾಗುತ್ತಾರೆ. ಅನೇಕ ಕೈಗಳು ಒಂದೇ ಬರಹವನ್ನು ತಿದ್ದುತ್ತ ಹೋಗುತ್ತವೆ. ತಾಳೆಯೋಲೆಯ ಪ್ರತಿಗಳಲ್ಲಿ ಲಿಪಿಕಾರರಿಂದ ನುಸುಳಿದ ಪಾಠಾಂತರಗಳನ್ನು ಹೋಲಿಸಿ ಮೂಲಪಾಠವನ್ನು ನಿರ್ಣಯಿಸಹೊರಟ ಗ್ರಂಥಸಂಪಾದಕರ ಪಾಡು ನಮಗೆ ಗೊತ್ತು. ಯಾವ ಲಿಪಿಕಾರನು ಯಾವ ಪದವನ್ನು ಏತಕ್ಕಾಗಿ ಬದಲಿಸಿದನೆಂಬುದಕ್ಕೆ ಅವರಿಗೆ ಸಾಕ್ಷಿ ದೊರೆಯುವುದು ಅಪರೂಪ. ಪ್ರೋಗ್ರಾಮರುಗಳು ಆ ಸಾಕ್ಷಿಯನ್ನು ಮೊದಲಿನಿಂದಲೇ ಕೂಡಿಡಲು ಒಂದು ಉಪಾಯವನ್ನು ಕಂಡುಕೊಂಡರು. ಅದಕ್ಕೆ ವರ್ಷನ್ ಕಂಟ್ರೋಲ್ ಎಂದು ಹೆಸರು. ಇದರ ಸರಳ ರೂಪವನ್ನು ನೀವೇ ನೋಡಬಯಸಿದರೆ ಕನ್ನಡ ವಿಕಿಪೀಡಿಯದ ಯಾವುದಾದರೊಂದು ಲೇಖನವನ್ನು ತೆರೆದು ಅದರ ಇತಿಹಾಸದ ಪುಟಕ್ಕೆ ಹೋಗಿ. ಯಾರು, ಎಂದು, ಯಾವ ಸಾಲನ್ನು ತಿದ್ದಿದರೆಂಬುದು ಅಲ್ಲಿ ಸಾಲಾಗಿ ಕಾಣಸಿಗುತ್ತದೆ.

ಹೀಗೆ ಒಂದು ಬದಲಾವಣೆಯನ್ನು ದಾಖಲೆಗೆ ಸೇರಿಸುವುದೇ ಕಮಿಟ್. ಕನ್ನಡದಲ್ಲಿ 'ಒಪ್ಪಿಸು' ಎಂಬ ಮಾತು ಇದಕ್ಕೆ ಚೆನ್ನಾಗಿ ಹೊಂದುತ್ತದೆಂದು ನನಗೆ ಅನ್ನಿಸಿದೆ. ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದೂ ಒಪ್ಪಿಸುವುದೇ, ಮೇಷ್ಟರ ಮುಂದೆ ನಿಂತು ಪಾಠ ಹೇಳುವುದೂ ಒಪ್ಪಿಸುವುದೇ. ಕಮಿಟ್ಟಿನಲ್ಲಿ ಎರಡು ಅರ್ಥವೂ ಉಂಟು. ಇನ್ನು ಎಷ್ಟು ಹೊತ್ತಿಗೊಮ್ಮೆ ಒಪ್ಪಿಸಬೇಕೆಂಬ ಪ್ರಶ್ನೆ. ಗಂಟೆಗೊಮ್ಮೆ ಎನ್ನುವವರುಂಟು, ಸಂಜೆ ಮನೆಗೆ ಹೊರಡುವ ಮುನ್ನ ಎನ್ನುವವರುಂಟು, ಕೆಲಸ ಪೂರ್ತಿಯಾದ ಮೇಲೆ ಒಮ್ಮೆಗೇ ಎನ್ನುವವರೂ ಉಂಟು. ಕಾಫಿಯ ವೇಳೆಯಲ್ಲಿ ಈ ವಿಷಯಕ್ಕೆ ಜಗಳವಾಡಿಕೊಂಡವರನ್ನು ಕಂಡಿದ್ದೇನೆ. ಹೊರಗಿನವರಿಗೆ ಇದು ಕ್ಷುಲ್ಲಕವೆಂದು ತೋರೀತು. ಅದು ಕ್ಷುಲ್ಲಕವಲ್ಲವೆಂದು ತಿಳಿಯಬೇಕಾದರೆ ಈ ಪದ್ಧತಿ ಬೆಳೆದುಬಂದ ಬಗೆಯನ್ನು ಸ್ವಲ್ಪ ನೋಡಬೇಕು.

ಮೊದಮೊದಲು ಪ್ರೋಗ್ರಾಮರುಗಳು ಮಾಡುತ್ತಿದ್ದುದು ನಮ್ಮ ಕಚೇರಿಗಳಲ್ಲಿ ಈಗಲೂ ನಡೆಯುವ ಕೆಲಸವನ್ನೇ. 'ವರದಿ' ಎಂಬ ಫೈಲಿನ ಪಕ್ಕದಲ್ಲಿ 'ವರದಿ ಹೊಸತು', ಅದರ ಪಕ್ಕದಲ್ಲಿ 'ವರದಿ ಕೊನೆಯದು', ಅದಾದ ಮೇಲೆ 'ವರದಿ ನಿಜವಾಗಿ ಕೊನೆಯದು'. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಮಾರ್ಕ್ ರೋಚ್‌ಕೈಂಡ್ ಎಂಬವರು ಈ ಗೊಂದಲಕ್ಕೆ ಪರಿಹಾರವಾಗಿ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಇಡೀ ಬರಹವನ್ನು ಮತ್ತೆ ಮತ್ತೆ ಪ್ರತಿಮಾಡದೆ, ಒಂದು ಆವೃತ್ತಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಾದಿಡುವುದು ಅದರ ಮುಖ್ಯ ಉಪಾಯ. ಸುಮಾರು ಹತ್ತು ವರ್ಷದ ತರುವಾಯ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿಯವರ ಆರ್‌ಸಿಎಸ್ ಬಂದಿತು. ಅವರು ಈ ಕ್ರಮವನ್ನು ತಿರುಗುಮುರುಗು ಮಾಡಿದರು: ಇತ್ತೀಚಿನ ಆವೃತ್ತಿಯನ್ನು ಪೂರ್ಣವಾಗಿಟ್ಟು, ಅಲ್ಲಿಂದ ಹಿಂದುಹಿಂದಕ್ಕೆ ವ್ಯತ್ಯಾಸಗಳನ್ನು ಬರೆದಿಟ್ಟರು. ಎಲ್ಲರಿಗೂ ಬೇಕಾಗುವುದು ಇಂದಿನ ಪಾಠವೇ ಆದ್ದರಿಂದ ಅದು ಬೇಗ ಕೈಗೆ ಸಿಗಬೇಕೆಂಬುದು ಅವರ ವಿವೇಕ.

ಈ ವ್ಯವಸ್ಥೆಗಳಲ್ಲಿ ಒಬ್ಬನು ಒಂದು ಫೈಲನ್ನು ತಿದ್ದಲು ತೆಗೆದುಕೊಂಡರೆ ಅದಕ್ಕೆ ಬೀಗ ಬೀಳುತ್ತಿತ್ತು. ಗ್ರಂಥಾಲಯದಲ್ಲಿ ಒಂದೇ ಪ್ರತಿ ಇರುವ ಪುಸ್ತಕವನ್ನು ಒಬ್ಬರು ಒಯ್ದ ಹಾಗೆ. ಅವರು ಹಿಂದಿರುಗಿಸುವವರೆಗೆ ಉಳಿದವರು ಕಾಯಬೇಕು. ಆಮ್‌ಸ್ಟರ್‌ಡಾಮಿನಲ್ಲಿ ಡಿಕ್ ಗ್ರೂನೆ ಎಂಬ ಅಧ್ಯಾಪಕರು ಇಬ್ಬರು ವಿದ್ಯಾರ್ಥಿಗಳೊಡನೆ ಕೂಡಿ ಒಂದು ಕಂಪೈಲರನ್ನು, ಎಂದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವನ್ನು, ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಬೆಳಗಿನಿಂದ ಸಂಜೆಯವರೆಗೆ ಗಡಿಯಾರದಂತೆ ದುಡಿಯುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಅಧ್ಯಾಪಕರಿಗೋ ಬಿಡುವು ಸಂಜೆ ಮಾತ್ರ. ಬೀಗದ ಪದ್ಧತಿ ಇಂಥ ಸಂಸಾರಕ್ಕೆ ಒಗ್ಗಲಿಲ್ಲ. ಎಲ್ಲರೂ ಏಕಕಾಲದಲ್ಲಿ ತಿದ್ದಿ, ಆಮೇಲೆ ತಿದ್ದುಪಡಿಗಳನ್ನು ಬೆಸೆಯುವ ಸಿವಿಎಸ್ ಎಂಬ ವ್ಯವಸ್ಥೆ ಹೀಗೆ ಹುಟ್ಟಿ 1986ರಲ್ಲಿ ಲೋಕಕ್ಕೆ ತಿಳಿಯಿತು. ಅದರ ಕುಂದುಗಳನ್ನು ನೀಗಲು 2000ದಲ್ಲಿ ಆರಂಭವಾದ ಸಬ್‌ವರ್ಷನ್, 2004ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಕಂಡಿತು. ಹಲವು ಫೈಲುಗಳ ಬದಲಾವಣೆಯನ್ನು ಒಂದೇ ಘಟಕವಾಗಿ ಸೇರಿಸುವುದು, ಸೇರಿದರೆ ಎಲ್ಲವೂ ಸೇರುವುದು, ಇಲ್ಲವಾದರೆ ಯಾವುದೂ ಸೇರದಿರುವುದು ಅದರ ಹೆಚ್ಚಳ.

ಇಷ್ಟೆಲ್ಲ ಭೇದವಿದ್ದರೂ, ಸಿವಿಎಸ್ ಮತ್ತು ಸಬ್‌ವರ್ಷನ್ನಿಗೆ ಒಂದು ಸಮಾನಗುಣವಿತ್ತು. ದಾಖಲೆ ಇರುವುದು ಎಲ್ಲರಿಗೂ ಸೇರಿದ ಒಂದು ಕೇಂದ್ರಸ್ಥಾನದಲ್ಲಿ. ಒಬ್ಬನು ಕಮಿಟ್ ಮಾಡಿದನೆಂದರೆ ಆ ಗಳಿಗೆಯಿಂದಲೇ ಅವನ ಬರಹ ಸಹೋದ್ಯೋಗಿಗಳ ಪಾಲಿಗೆ ಬಂದೊದಗುತ್ತದೆ. ಅದರಲ್ಲಿ ತಪ್ಪಿದ್ದರೆ ಇಪ್ಪತ್ತು ಜನರ ಕೆಲಸ ನಿಲ್ಲುತ್ತದೆ. ಮೇಷ್ಟರ ಮುಂದೆ, ಇಡೀ ತರಗತಿಯ ಎದುರಿಗೆ ಪಾಠ ಒಪ್ಪಿಸುವ ಹುಡುಗನ ಸ್ಥಿತಿ ಇದು. ಬಾಯಿಪಾಠ ಪಕ್ಕಾ ಆಗುವವರೆಗೆ ಅವನು ಕೈಯೆತ್ತುವುದಿಲ್ಲ. ಆದ್ದರಿಂದ 'ಎಲ್ಲ ಸರಿಯಾದ ಮೇಲೆ ಒಂದೇ ಬಾರಿಗೆ ಕಮಿಟ್ ಮಾಡು' ಎಂಬ ಹಿರಿಯರ ಬುದ್ಧಿವಾದ ಹುಟ್ಟಿಕೊಂಡಿತು. ಆ ಕಾಲಕ್ಕೆ ಅದು ಅಸಂಗತವೇನೂ ಆಗಿರಲಿಲ್ಲ. ಕಾಲ ಬದಲಾದ ಮೇಲೂ ಬುದ್ಧಿವಾದ ಉಳಿದುಕೊಂಡದ್ದೇ ಇಂದಿನ ಜಗಳದ ಅರ್ಧ ಕಾರಣ.

ಬದಲಾವಣೆ ಬಂದದ್ದು 2005ರಲ್ಲಿ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಜಗತ್ತಿನ ನಾನಾ ಮೂಲೆಗಳ ಸಾವಿರಾರು ಮಂದಿ ಕೂಡಿ ಬರೆಯುತ್ತಾರೆ. ಅವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವೊಂದನ್ನು ಉಚಿತವಾಗಿ ಬಳಸುತ್ತಿದ್ದರು. ಆ ಉಚಿತ ಸೌಲಭ್ಯ 2005ರಲ್ಲಿ ನಿಂತುಹೋಯಿತು. ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಅದೇ ಏಪ್ರಿಲ್ ತಿಂಗಳಲ್ಲಿ ತಾವೇ ಒಂದು ಸಾಧನವನ್ನು ಬರೆಯತೊಡಗಿದರು. ಕೆಲವೇ ದಿನಗಳಲ್ಲಿ ಅದು ತನ್ನ ದಾಖಲೆಯನ್ನು ತಾನೇ ಇಟ್ಟುಕೊಳ್ಳುವಷ್ಟು ಬಲಿಯಿತು. ಜೂನ್ ಹೊತ್ತಿಗೆ ಲಿನಕ್ಸಿನ ಹೊಸ ಆವೃತ್ತಿ ಅದರ ನೆರವಿನಿಂದಲೇ ಹೊರಬಂದಿತು. ಜುಲೈಯಲ್ಲಿ ಅದರ ಪೋಷಣೆಯನ್ನು ಜುನಿಯೊ ಹಮಾನೊ ಎಂಬವರಿಗೆ ವಹಿಸಿಕೊಟ್ಟು ಟೊರ್ವಾಲ್ಡ್ಸ್ ತಮ್ಮ ಮೊದಲಿನ ಕೆಲಸಕ್ಕೆ ಮರಳಿದರು. ಅದೇ ಗಿಟ್. ಇಂದು ಜಗತ್ತಿನ ಬಹುಪಾಲು ಪ್ರೋಗ್ರಾಮರುಗಳ ಕೈಯಲ್ಲಿರುವ ಸಾಧನ ಅದು.

ಗಿಟ್‌ನಲ್ಲಿ ದಾಖಲೆಯ ಪೂರ್ತಿ ಪ್ರತಿ ಪ್ರತಿಯೊಬ್ಬನ ಯಂತ್ರದಲ್ಲಿಯೂ ಇರುತ್ತದೆ. ಕಮಿಟ್ ಮಾಡಿದರೆ ಅದು ಸೇರುವುದು ತನ್ನದೇ ಪ್ರತಿಗೆ. ಅದನ್ನು ಇತರರಿಗೆ ಕಳಿಸುವುದು ಪುಷ್ ಎಂಬ ಬೇರೆಯೇ ಕ್ರಿಯೆ. ಮನೆಯ ಜಗಲಿಯಲ್ಲಿ ಕುಳಿತು ತನಗೆ ತಾನೇ ಪಾಠ ಒಪ್ಪಿಸಿಕೊಳ್ಳುವುದು ಒಂದು, ಮರುದಿನ ಮೇಷ್ಟರಿಗೆ ಒಪ್ಪಿಸುವುದು ಇನ್ನೊಂದು. ಹಿಂದೆ ಇವೆರಡೂ ಒಂದೇ ಆಗಿದ್ದವು. ಅವು ಬೇರೆಯಾದ ಕೂಡಲೇ ಎಷ್ಟು ಹೊತ್ತಿಗೊಮ್ಮೆ ಎಂಬ ಪ್ರಶ್ನೆಯೂ ಎರಡಾಯಿತು. ತನಗಾಗಿ ಎಷ್ಟು ಸಲ? ಇತರರಿಗಾಗಿ ಎಷ್ಟು ಸಲ? ಜಗಳವಾಡುವವರು ಬಹುಮಟ್ಟಿಗೆ ಒಬ್ಬರು ಮೊದಲನೆಯ ಪ್ರಶ್ನೆಗೂ ಇನ್ನೊಬ್ಬರು ಎರಡನೆಯದಕ್ಕೂ ಉತ್ತರ ಹೇಳುತ್ತಿರುತ್ತಾರೆ.

ಮೊದಲನೆಯದಕ್ಕೆ ಉತ್ತರ ಸುಲಭ. ಬಾವಿಗೆ ಇಳಿಯುವವನು ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿಕೊಳ್ಳುವಂತೆ, ಎಲ್ಲಿಗೆ ಮರಳಿದರೆ ಕ್ಷೇಮವೋ ಅಲ್ಲೆಲ್ಲ ಒಂದು ಕಮಿಟ್ ಮಾಡಿಟ್ಟುಕೊಳ್ಳಬಹುದು. ಅದಕ್ಕೆ ಹಿಡಿಯುವ ಹೊತ್ತು ಕಣ್ಣು ಮಿಟುಕಿಸುವಷ್ಟು. ಮರಳುವ ದಾರಿ ಇದೆಯೆಂಬ ಧೈರ್ಯವಿದ್ದರೆ ಹೊಸದನ್ನು ಪ್ರಯೋಗಿಸಿ ನೋಡಲು ಮನಸ್ಸು ಬರುತ್ತದೆ. ಇಲ್ಲದವನು ಇದ್ದುದನ್ನು ಮುಟ್ಟಲು ಅಂಜುತ್ತಾನೆ. ಸಂದೇಹ ಬಂದಾಗ ಮಾಡಿಬಿಡುವುದೇ ಲೇಸು. ಕಷ್ಟವಿರುವುದು ಎರಡನೆಯದರಲ್ಲಿ. ಏಕೆಂದರೆ ಅಲ್ಲಿ ಓದುಗನೊಬ್ಬನಿದ್ದಾನೆ. ಅವನು ಇಂದಿನವನೇ ಆಗಿರಬೇಕಾಗಿಲ್ಲ. ಐದು ವರ್ಷದ ನಂತರ, ನಾವಾರೂ ಇಲ್ಲದ ಕಚೇರಿಯಲ್ಲಿ, ಕೆಟ್ಟುನಿಂತ ಪ್ರೋಗ್ರಾಮಿನ ಮುಂದೆ ಕುಳಿತವನಾಗಿರಬಹುದು.

ಅವನು ದಾಖಲೆಯನ್ನು ಹೇಗೆ ಓದುತ್ತಾನೆಂಬುದನ್ನು ನೋಡೋಣ. ಪ್ರೋಗ್ರಾಂ ಕಳೆದ ವರ್ಷ ಸರಿಯಾಗಿತ್ತು, ಇಂದು ತಪ್ಪು ಲೆಕ್ಕ ಕೊಡುತ್ತಿದೆ. ನಡುವೆ 1024 ಕಮಿಟ್‌ಗಳು ಆಗಿವೆ. ತಪ್ಪು ನುಸುಳಿದ್ದು ಯಾವುದರಲ್ಲಿ? ಒಂದೊಂದನ್ನೂ ಪರೀಕ್ಷಿಸಬೇಕಾಗಿಲ್ಲ. ನಿಘಂಟಿನಲ್ಲಿ ಪದ ಹುಡುಕುವಾಗ ನಾವು ನಡುವೆ ತೆರೆದು, ಬೇಕಾದ ಅಕ್ಷರ ಹಿಂದಿದೆಯೋ ಮುಂದಿದೆಯೋ ನೋಡಿ, ಆ ಅರ್ಧವನ್ನು ಮತ್ತೆ ಅರ್ಧಿಸುತ್ತೇವಷ್ಟೆ. ಹಾಗೆಯೇ ನಡುವಿನ ಕಮಿಟ್ಟಿಗೆ ಹಿಂದಿರುಗಿ ಅಂದಿನ ಪ್ರೋಗ್ರಾಮನ್ನು ನಡೆಸಿ ನೋಡುವುದು. ಅಲ್ಲಿ ಲೆಕ್ಕ ಸರಿಯಿದ್ದರೆ ತಪ್ಪು ಆಮೇಲಿನದು, ತಪ್ಪಿದ್ದರೆ ಅದು ಅಲ್ಲಿಗೋ ಅದರ ಹಿಂದಕ್ಕೋ ಸೇರಿದ್ದು. 1024 ಇದ್ದದ್ದು 512 ಆಗಿ, 256 ಆಗಿ, ಹತ್ತೇ ಪರೀಕ್ಷೆಗಳಲ್ಲಿ ಒಂದಕ್ಕೆ ಇಳಿಯುತ್ತದೆ. ಗಿಟ್‌ನಲ್ಲಿ ಇದಕ್ಕೆಂದೇ ಬೈಸೆಕ್ಟ್ ಎಂಬ ಆದೇಶವಿದೆ. ಸಾವಿರ ಶಂಕಿತರಲ್ಲಿ ಒಬ್ಬನನ್ನು ಹತ್ತು ಪ್ರಶ್ನೆಗಳಲ್ಲಿ ಹಿಡಿಯುವ ಪತ್ತೇದಾರ ಇದ್ದರೆ ಹೀಗಿರಬೇಕು. ಆದರೆ ಈ ಪತ್ತೇದಾರನು ನಮ್ಮನ್ನು ಕಮಿಟ್ಟಿನ ಬಾಗಿಲವರೆಗೆ ಮಾತ್ರ ಕರೆದೊಯ್ಯಬಲ್ಲನು. ಬಾಗಿಲ ಹಿಂದೆ ಒಂದು ಕೋಣೆ ಇದೆಯೋ ನೂರು ಕೋಣೆಗಳ ಅರಮನೆ ಇದೆಯೋ ಎಂಬುದು ಕಮಿಟ್ ಮಾಡಿದವನ ಕೈಯಲ್ಲಿತ್ತು.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಸಣ್ಣ ಬ್ಯಾಂಕುಗಳಿಗಾಗಿ ಬಡ್ಡಿ ಲೆಕ್ಕದ ಪ್ರೋಗ್ರಾಂ ಸಿದ್ಧವಾಗುತ್ತಿತ್ತು. ಅಲ್ಲಿ ಬಹಳ ಚುರುಕಾದ ಯುವಕನೊಬ್ಬನಿದ್ದ. ಹೊಸ ಬಗೆಯ ಠೇವಣಿಯೊಂದನ್ನು ಸೇರಿಸುವ ಕೆಲಸವನ್ನು ಅವನಿಗೆ ವಹಿಸಲಾಗಿತ್ತು. ಹನ್ನೊಂದು ದಿನ ತಲೆಯೆತ್ತದೆ ದುಡಿದು ಹನ್ನೆರಡನೆಯ ದಿನ ಅವನು ಒಂದೇ ಒಂದು ಕಮಿಟ್ ಮಾಡಿದ. ನಲವತ್ತಕ್ಕೂ ಮೇಲ್ಪಟ್ಟ ಫೈಲುಗಳು, ಎರಡು ಸಾವಿರಕ್ಕೂ ಹೆಚ್ಚು ಸಾಲುಗಳು. ಜೊತೆಗಿದ್ದ ಟಿಪ್ಪಣಿ ಒಂದೇ ಪದ: 'ಬದಲಾವಣೆಗಳು'. ಠೇವಣಿಯ ಸೌಲಭ್ಯ ಸೊಗಸಾಗಿ ನಡೆಯಿತು; ಎಲ್ಲರೂ ಮೆಚ್ಚಿದರು. ಏಳು ತಿಂಗಳಾದ ಮೇಲೆ, ತ್ರೈಮಾಸಿಕ ಬಡ್ಡಿ ಜಮೆಯಾಗುವ ದಿನ, ಹಳೆಯ ಉಳಿತಾಯ ಖಾತೆಗಳಲ್ಲಿ ಕೆಲವಕ್ಕೆ ಒಂದಿಷ್ಟು ಪೈಸೆ ಕಡಿಮೆ ಬಂದಿದೆಯೆಂದು ದೂರು ಬಂತು. ಪೈಸೆಯೆಂದು ನಗಬೇಡಿ. ಪಾಸ್‌ಬುಕ್ಕಿನ ಪ್ರತಿ ಸಾಲನ್ನೂ ಕೈಬೆರಳಿನಲ್ಲಿ ಎಣಿಸಿ ತಾಳೆನೋಡುವ ನಿವೃತ್ತ ಮೇಷ್ಟರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಅಂಥವರೊಬ್ಬರು ಕೌಂಟರಿನ ಮುಂದೆ ನಿಂತು, 'ಲೆಕ್ಕ ತಪ್ಪಿದೆ ಅಂತ ಒಪ್ಪಿಕೊಳ್ಳಿ, ಇಲ್ಲ ಯಾಕೆ ತಪ್ಪಿಲ್ಲ ಅಂತ ಹೇಳಿ' ಎಂದರೆ ಒಳಗಿದ್ದ ಗುಮಾಸ್ತೆಯ ಬಳಿ ಉತ್ತರವಿರಲಿಲ್ಲ. ಅವಳು ನಮಗೆ ಫೋನು ಮಾಡಿದಳು. ನಮ್ಮ ಬಳಿಯೂ ಇರಲಿಲ್ಲ.

ಆ ಏಳು ತಿಂಗಳಲ್ಲಿ ಸುಮಾರು 250 ಕಮಿಟ್‌ಗಳಾಗಿದ್ದವು. ಎಂಟು ಪರೀಕ್ಷೆಗಳಲ್ಲಿ, ಅದೇ ಮಧ್ಯಾಹ್ನದೊಳಗೆ, ಆ ದೊಡ್ಡ ಕಮಿಟ್ಟಿನ ಬಾಗಿಲಿಗೆ ಬಂದೆವು. ಅದರೊಳಗೆ ಹುಡುಕಲು ನಾಲ್ಕು ದಿನ ಹಿಡಿಯಿತು. ಯುವಕನು ಠೇವಣಿಯ ಕೆಲಸದ ಜೊತೆಗೆ ಹಳೆಯ ಬರಹವನ್ನು ಓರಣಗೊಳಿಸಿದ್ದ, ಹೆಸರುಗಳನ್ನು ಬದಲಿಸಿದ್ದ, ಒಂದು ಫೈಲಿನಲ್ಲಿದ್ದುದನ್ನು ಇನ್ನೊಂದಕ್ಕೆ ಸಾಗಿಸಿದ್ದ. ಎಲ್ಲವೂ ಒಳ್ಳೆಯ ಕೆಲಸಗಳೇ. ಈ ಸಾಗಾಟದ ನಡುವೆ ಒಂದು ಸಾಲಿನ ಸ್ಥಾನ ಪಲ್ಲಟವಾಗಿತ್ತು. ಮೊದಲು ದಿನದಿನದ ಬಡ್ಡಿಯನ್ನೆಲ್ಲ ಕೂಡಿ ಕೊನೆಗೊಮ್ಮೆ ಪೈಸೆಗೆ ಸರಿಹೊಂದಿಸುತ್ತಿದ್ದರು. ಈಗ ಪ್ರತಿದಿನವೂ ಸರಿಹೊಂದಿಸಿ ಆಮೇಲೆ ಕೂಡುವಂತಾಗಿತ್ತು. ಇದನ್ನು ಬೇಕೆಂದು ಮಾಡಿದ್ದೋ ಕೈತಪ್ಪಿ ಆದದ್ದೋ ತಿಳಿಯಲು ದಾರಿಯಿರಲಿಲ್ಲ. ಟಿಪ್ಪಣಿ 'ಬದಲಾವಣೆಗಳು' ಎನ್ನುತ್ತಿತ್ತು; ಯುವಕ ಆ ಹೊತ್ತಿಗೆ ಬೇರೆ ಕಡೆಗೆ ಹೋಗಿದ್ದ. ಕಮಿಟ್ಟನ್ನು ಇಡಿಯಾಗಿ ಹಿಂದೆಗೆಯೋಣವೆಂದರೆ ಅದರೊಂದಿಗೆ ಠೇವಣಿಯ ಸೌಲಭ್ಯವೂ, ಅದರ ಮೇಲೆ ಆರು ತಿಂಗಳು ಕಟ್ಟಿದ ಉಳಿದ ಕೆಲಸವೂ ಬಿದ್ದುಹೋಗುತ್ತಿತ್ತು. ಅದೇ ಕೆಲಸ ಹತ್ತು ಹನ್ನೆರಡು ಕಮಿಟ್‌ಗಳಲ್ಲಿ ಬಂದಿದ್ದರೆ ಆ ಮಧ್ಯಾಹ್ನವೇ ಗುಮಾಸ್ತೆಗೆ ಉತ್ತರ ಕೊಡಬಹುದಿತ್ತು.

ಹಾಗಾದರೆ ಸಾಲಿಗೊಂದು ಕಮಿಟ್ ಮಾಡಿಬಿಡೋಣವೆನ್ನುವ ಉತ್ಸಾಹಿಗಳೂ ಇದ್ದಾರೆ. ಅದು ಇನ್ನೊಂದು ಬಗೆಯ ಉಪದ್ರವ. ಒಂದು ವಿಚಾರದ ಅರ್ಧ ಒಂದು ಕಮಿಟ್ಟಿನಲ್ಲಿ, ಇನ್ನರ್ಧ ಮುಂದಿನದರಲ್ಲಿ ಇದ್ದರೆ ನಡುವಿನ ಸ್ಥಿತಿಯಲ್ಲಿ ಪ್ರೋಗ್ರಾಂ ನಡೆಯುವುದೇ ಇಲ್ಲ. ನಾನು ಹೇಳಿದ ಪತ್ತೇದಾರನು ಅಂಥ ಸ್ಥಳಕ್ಕೆ ಬಂದಾಗ ತಪ್ಪು ಇದೆಯೋ ಇಲ್ಲವೋ ಹೇಳಲಾರದೆ ಎಡವುತ್ತಾನೆ. ಲಿನಕ್ಸಿನ ತಿರುಳಿಗೆ ತಿದ್ದುಪಡಿ ಕಳಿಸುವವರಿಗೆ ವಿಧಿಸಿರುವ ಲಿಖಿತ ನಿಯಮಗಳಲ್ಲಿ ಇವೆರಡೂ ಸೇರಿವೆ: ತರ್ಕಕ್ಕೆ ಒಂದಾದ ಬದಲಾವಣೆ ಒಂದು ತಿದ್ದುಪಡಿಯಾಗಿ ಬರಬೇಕು, ತಿದ್ದುಪಡಿಗಳ ಮಾಲೆಯಲ್ಲಿ ಎಲ್ಲಿ ನಿಲ್ಲಿಸಿದರೂ ಪ್ರೋಗ್ರಾಂ ಸಿದ್ಧವಾಗಿ ನಡೆಯುವಂತಿರಬೇಕು. ಗಂಟೆಯ ಮಾತೂ ಸಾಲುಗಳ ಮಾತೂ ಅಲ್ಲಿಲ್ಲ.

ನಾನು ಕಿರಿಯರಿಗೆ ಹೇಳುವ ಪರೀಕ್ಷೆ ವ್ಯಾಕರಣದ್ದು. ಕಮಿಟ್ಟಿನ ಜೊತೆ ಒಂದು ಟಿಪ್ಪಣಿ ಬರೆಯಬೇಕು. ಮೊದಲ ಸಾಲು ಸುಮಾರು ಐವತ್ತು ಅಕ್ಷರಗಳೊಳಗೆ ಸಾರಾಂಶ, ಒಂದು ಸಾಲು ಖಾಲಿ, ಆಮೇಲೆ ಬೇಕಾದಷ್ಟು ವಿವರಣೆ, ಇದು ಗಿಟ್ ಬಳಸುವವರಲ್ಲಿ ರೂಢಿಯಾದ ಕ್ರಮ. ಆ ಸಾರಾಂಶವನ್ನು 'ಮತ್ತು' ಎಂಬ ಪದವಿಲ್ಲದೆ ಬರೆಯಲು ಸಾಧ್ಯವೇ ನೋಡಿ. 'ಹೊಸ ಠೇವಣಿಯನ್ನು ಸೇರಿಸಿದೆ ಮತ್ತು ಬಡ್ಡಿ ಲೆಕ್ಕವನ್ನು ಬೇರೆ ಫೈಲಿಗೆ ಸಾಗಿಸಿದೆ' ಎಂದು ಬರೆಯಬೇಕಾಗಿ ಬಂದರೆ ಅಲ್ಲಿ ಎರಡು ಕಮಿಟ್‌ಗಳು ಅಂಟಿಕೊಂಡಿವೆ. 'ಮತ್ತು' ಬಿಟ್ಟು 'ಠೇವಣಿಯನ್ನೂ ಲೆಕ್ಕವನ್ನೂ' ಎಂದು ಪ್ರತ್ಯಯದಲ್ಲಿ ನುಸುಳುವ ಜಾಣರನ್ನು ಕನ್ನಡ ಬಲ್ಲ ನಾವು ಗುರುತಿಸಬಲ್ಲೆವು. ಈ ಅಳತೆಗೆ ಗಾತ್ರದ ಹಂಗಿಲ್ಲ. ಒಂದಕ್ಷರದ ತಿದ್ದುಪಡಿ ಪೂರ್ಣ ಕಮಿಟ್ ಆಗಬಹುದು. ಮುನ್ನೂರು ಫೈಲುಗಳಲ್ಲಿ ಒಂದು ಹೆಸರನ್ನು ಬದಲಿಸಿದ್ದೂ ಒಂದೇ ಕಮಿಟ್ ಆಗಬಹುದು, ಅದರಲ್ಲಿ ಬೇರೇನೂ ಸೇರಿರದಿದ್ದರೆ. ನನ್ನ ಅನುಭವದಲ್ಲಿ ಕೆಲವು ದಿನ ಹತ್ತು ಹನ್ನೆರಡು ಆಗುತ್ತವೆ, ಕೆಲವು ದಿನ ಒಂದು. ಇಡೀ ದಿನ ಓದಿ ಯೋಚಿಸಿ ಒಂದೂ ಮಾಡದ ದಿನಗಳೂ ಇವೆ. ಅವು ವ್ಯರ್ಥವಾದ ದಿನಗಳೇನೂ ಅಲ್ಲ. ಕಮಿಟ್‌ಗಳ ಸಂಖ್ಯೆಯನ್ನು ಎಣಿಸಿ ನೌಕರರ ಯೋಗ್ಯತೆಯನ್ನು ಅಳೆಯುವ ಮೇಲಧಿಕಾರಿಗಳಿದ್ದಾರೆಂದು ಕೇಳುತ್ತೇನೆ. ಪತ್ರಿಕೆಗೆ ಬರೆಯುವವನನ್ನು ಪೂರ್ಣವಿರಾಮಗಳ ಲೆಕ್ಕದಲ್ಲಿ ಮೆಚ್ಚಿದ ಹಾಗೆ.

ಸಾರಾಂಶದ ಕೆಳಗಿನ ವಿವರಣೆಯಲ್ಲಿ ಬರೆಯಬೇಕಾದುದು ಕಾರಣವನ್ನು. ಏನು ಬದಲಾಯಿತೆಂಬುದನ್ನು ಎರಡು ಆವೃತ್ತಿಗಳನ್ನು ಹೋಲಿಸಿ ಯಂತ್ರವೇ ತೋರಿಸುತ್ತದೆ. ಏಕೆಂಬುದು ಬರೆದವನ ಮನಸ್ಸಿನಲ್ಲಿ ಮಾತ್ರ ಇರುತ್ತದೆ, ಅದೂ ಕೆಲವು ವಾರಗಳ ಮಟ್ಟಿಗೆ. ಹನ್ನೊಂದು ದಿನಗಳ ಕೆಲಸಕ್ಕೆ ಹನ್ನೆರಡನೆಯ ದಿನ ಕಾರಣ ಬರೆಯಲು ಕುಳಿತವನಿಗೆ ಮೊದಲ ದಿನದ ಕಾರಣ ನೆನಪಿರುವುದಿಲ್ಲ. ನಮ್ಮ ಯುವಕ 'ಬದಲಾವಣೆಗಳು' ಎಂದು ಬರೆದದ್ದು ಸೋಮಾರಿತನದಿಂದಲ್ಲ ಎಂದು ನಾನು ನಂಬಿದ್ದೇನೆ. ಅಷ್ಟು ಹೊತ್ತಿಗೆ ಬೇರೆ ಯಾವ ಪದವೂ ಆ ರಾಶಿಗೆ ಒಪ್ಪುತ್ತಿರಲಿಲ್ಲ.

ಇಲ್ಲಿ ಒಂದು ಸಂದೇಹ ಏಳಬಹುದು. ತನಗಾಗಿ ಮನಬಂದಾಗಲೆಲ್ಲ ಮಾಡಿಕೊಂಡ ಕಮಿಟ್‌ಗಳು ಅಡ್ಡಾದಿಡ್ಡಿಯಾಗಿರುತ್ತವೆ. ಇತರರಿಗೆ ಕೊಡಬೇಕಾದವು ಓರಣವಾಗಿರಬೇಕು. ಎರಡಕ್ಕೂ ಹೊಂದಾಣಿಕೆ ಹೇಗೆ? ಕಳಿಸುವ ಮುನ್ನ ತನ್ನ ಖಾಸಗಿ ಕಮಿಟ್‌ಗಳನ್ನು ಒಂದುಗೂಡಿಸಲು, ಬೇರ್ಪಡಿಸಲು, ಅನುಕ್ರಮ ಬದಲಿಸಲು, ಟಿಪ್ಪಣಿ ತಿದ್ದಲು ಗಿಟ್‌ನಲ್ಲಿ ರೀಬೇಸ್ ಎಂಬ ಸೌಕರ್ಯವಿದೆ. ಕರಡಿನಿಂದ ಶುದ್ಧಪ್ರತಿ ಮಾಡುವ ಕೆಲಸವೇ ಅದು. ಒಂದೇ ಫೈಲಿನಲ್ಲಿ ಎರಡು ವಿಚಾರಗಳು ಬೆರೆತಿದ್ದರೆ ಬೇಕಾದ ಸಾಲುಗಳನ್ನಷ್ಟೇ ಆರಿಸಿ ಕಮಿಟ್ಟಿಗೆ ಹಾಕುವ ಅನುಕೂಲವೂ ಇದೆ. ಆದರೆ ಒಮ್ಮೆ ಇತರರ ಕೈಸೇರಿದ ಮೇಲೆ ಹೀಗೆ ತಿದ್ದುವುದು ಸಲ್ಲದು. ಪ್ರತಿ ಕಮಿಟ್ಟಿಗೂ ಅದರ ಒಳಗಿರುವುದನ್ನೂ ಅದಕ್ಕೆ ಹಿಂದಿನ ಕಮಿಟ್ಟಿನ ಗುರುತನ್ನೂ ಸೇರಿಸಿ ಲೆಕ್ಕಹಾಕಿ ಪಡೆದ 40 ಅಕ್ಷರಗಳ ಗುರುತೊಂದಿರುತ್ತದೆ. ಹಳೆಯದೊಂದನ್ನು ಮುಟ್ಟಿದರೆ ಅಲ್ಲಿಂದೀಚಿನ ಎಲ್ಲ ಗುರುತುಗಳೂ ಬದಲಾಗಿ ಇತರರ ಪ್ರತಿಗಳೊಂದಿಗೆ ತಾಳೆ ತಪ್ಪುತ್ತದೆ. ಅಂಗಡಿಯ ಕಿರ್ದಿ ಪುಸ್ತಕ ಇಟ್ಟವರಿಗೆ ಈ ನೀತಿ ಹೊಸದಲ್ಲ. ಕಿರ್ದಿಯಲ್ಲಿ ತಪ್ಪಿ ಬರೆದದ್ದನ್ನು ಕೆರೆದು ಅಳಿಸುವಂತಿಲ್ಲ. ಖರ್ಚಿಗೆ ಬಿದ್ದದ್ದನ್ನು ಇಂದಿನ ತಾರೀಖಿನಲ್ಲಿ ಜಮೆಗೆ ಬರೆದು ಸರಿತೂಗಿಸಬೇಕು. ಗಿಟ್‌ನಲ್ಲಿ ರಿವರ್ಟ್ ಎಂಬುದು ಇದನ್ನೇ ಮಾಡುತ್ತದೆ: ಹಿಂದಿನ ಕಮಿಟ್ಟಿಗೆ ವಿರುದ್ಧವಾದ ಹೊಸ ಕಮಿಟ್ಟನ್ನು ಸೇರಿಸುತ್ತದೆ.

ಕರಡನ್ನು ಓರಣಗೊಳಿಸುವುದೇ ಇತಿಹಾಸವನ್ನು ಸುಳ್ಳುಮಾಡಿದಂತೆ ಎನ್ನುವವರೂ ಇದ್ದಾರೆ, ಅವರೇನೂ ಅಲ್ಪರಲ್ಲ. ನಮ್ಮೆಲ್ಲರ ಫೋನುಗಳಲ್ಲಿ ಮಾಹಿತಿಯನ್ನು ಅಡಕವಾಗಿಡುವ ಎಸ್‌ಕ್ಯೂಲೈಟ್ ಎಂಬ ಸಾಧನವನ್ನು ರಚಿಸಿದ ರಿಚರ್ಡ್ ಹಿಪ್ ಅವರು ಫಾಸಿಲ್ ಎಂಬ ತಮ್ಮದೇ ವರ್ಷನ್ ಕಂಟ್ರೋಲ್ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಅದರಲ್ಲಿ ರೀಬೇಸ್ ಬೇಕೆಂದೇ ಇಲ್ಲ. ನಡೆದದ್ದು ನಡೆದಂತೆಯೇ ಉಳಿಯಬೇಕೆಂಬುದು ಅವರ ನಿಲುವು. ಹಸ್ತಪ್ರತಿಯಲ್ಲಿ ಕವಿ ಹೊಡೆದುಹಾಕಿದ ಪದವನ್ನೂ ಬಲ್ಲೆನೆಂಬ ಸಂಶೋಧಕನ ಸುಖವನ್ನು ನಾನು ಅಲ್ಲಗಳೆಯಲಾರೆ. ಆದರೂ ಕೆಟ್ಟುನಿಂತ ಪ್ರೋಗ್ರಾಮಿನ ಮುಂದೆ ಅವಸರದಲ್ಲಿ ಕುಳಿತವನಿಗೆ ಬೇಕಾಗುವುದು ನನ್ನ ತಡಕಾಟವಲ್ಲ, ತಡಕಾಡಿ ಕಂಡುಕೊಂಡ ದಾರಿ. ಆದ್ದರಿಂದ ನನ್ನ ಮತ ಶುದ್ಧಪ್ರತಿಯ ಕಡೆಗೆ.

ಇತರರಿಗೆ ಎಷ್ಟು ದಿನಕ್ಕೊಮ್ಮೆ ಕಳಿಸಬೇಕೆಂಬುದರಲ್ಲಿ ಹೆಚ್ಚು ಮಾತು ಬೇಕಿಲ್ಲ. ಬೇರೆ ಬೇರೆ ಕೈಗಳ ತಿದ್ದುಪಡಿಗಳು ದೂರ ದೂರ ಬೆಳೆದಷ್ಟೂ ಬೆಸುಗೆ ಕಷ್ಟ. 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮುಂತಾದವರು ಕೆಲವು ಗಂಟೆಗಳಿಗೊಮ್ಮೆ, ತಡವೆಂದರೆ ದಿನಕ್ಕೊಮ್ಮೆ ಎಲ್ಲರ ಕೆಲಸವೂ ಒಂದೆಡೆ ಕೂಡಬೇಕೆಂದು ಸಾರಿದರು. ಆ ಪದ್ಧತಿ ಇಂದು ವ್ಯಾಪಕವಾಗಿದೆ. ಗೂಗಲ್ ಸಂಸ್ಥೆಯ ಇಬ್ಬರು ಇಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಲ್ಲಿ 25,000ಕ್ಕೂ ಹೆಚ್ಚು ಮಂದಿ ಒಂದೇ ಸಾಮಾನ್ಯ ದಾಖಲೆಯಲ್ಲಿ ಬರೆಯುತ್ತಿದ್ದರು. ಒಂದು ಕೆಲಸದ ದಿನದಲ್ಲಿ ಅವರಿಂದ 16,000 ಬದಲಾವಣೆಗಳೂ ಸ್ವಯಂಚಾಲಿತ ಯಂತ್ರಗಳಿಂದ 24,000 ಬದಲಾವಣೆಗಳೂ ಸೇರುತ್ತಿದ್ದವು. ಈ ಅಂಕಿಗಳನ್ನು ಕೇಳಿ ಬೆರಗಾಗುವವರು ಭಾಗಾಕಾರ ಮಾಡಿ ನೋಡಲಿ. ಮನುಷ್ಯರ ಪಾಲಿಗೆ ತಲೆಗೆ ದಿನಕ್ಕೆ ಒಂದೂ ಬರುವುದಿಲ್ಲ. ಸೇರುವ ಮುನ್ನ ಪ್ರತಿಯೊಂದನ್ನೂ ಇನ್ನೊಬ್ಬರು ಓದಿ ಒಪ್ಪಬೇಕಿತ್ತು. ಪರೀಕ್ಷೆಗಳು ತಾವಾಗಿ ನಡೆಯುತ್ತಿದ್ದವು. ಅಂಥ ಪರೀಕ್ಷೆಗಳ ವ್ಯವಸ್ಥೆಯೇ ಇಲ್ಲದ ಐದು ಜನರ ಕಚೇರಿಯಲ್ಲಿ ಗಂಟೆಗೊಮ್ಮೆ ಎಲ್ಲರ ಮೇಲೂ ತಂದು ಸುರಿದರೆ ಹಳೆಯ ಕಾಲದ ಹಿರಿಯರು ಅಂಜುತ್ತಿದ್ದ ಸಂಕಟವೇ ಮರಳಿ ಬರುತ್ತದೆ.

ಒಂದು ವ್ಯಾವಹಾರಿಕ ಎಚ್ಚರವನ್ನು ಹೇಳಿಬಿಡುತ್ತೇನೆ. ತನ್ನ ಲ್ಯಾಪ್‌ಟಾಪಿನಲ್ಲಷ್ಟೇ ಇರುವ ಕಮಿಟ್, ಲ್ಯಾಪ್‌ಟಾಪ್ ಕೆಟ್ಟರೆ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಸಂಜೆಯ ಹೊತ್ತಿಗೆ ಕೆಲಸ ಅರ್ಧವಾಗಿದ್ದರೂ, ಅಪೂರ್ಣವೆಂದು ಟಿಪ್ಪಣಿ ಬರೆದು, ಮುಖ್ಯ ದಾಖಲೆಗೆ ತಾಗದ ತನ್ನದೇ ಪ್ರತ್ಯೇಕ ಕವಲಿಗೆ ಕಳಿಸಿಟ್ಟು ಹೊರಡುವುದು ಕ್ಷೇಮ.

ಕೊನೆಯದಾಗಿ ಈಚಿನ ಸಂಗತಿ. ಈಗ ಕೆಲವು ವರ್ಷಗಳಿಂದ ಪ್ರೋಗ್ರಾಮನ್ನು ಬರೆದುಕೊಡುವ ಯಂತ್ರಗಳೇ ಬಂದಿವೆ. ಮಾತಿನಲ್ಲಿ ಹೇಳಿದರೆ ಸಾಕು, ಕಾಫಿ ಆರುವುದರೊಳಗೆ ಮೂವತ್ತು ಫೈಲುಗಳನ್ನು ತಿದ್ದಿ ಮುಂದಿಡುತ್ತವೆ. ನಮ್ಮ ಯುವಕನ ಹನ್ನೊಂದು ದಿನಗಳು ಹನ್ನೊಂದು ನಿಮಿಷಗಳಾಗಿವೆ. ಅದನ್ನು ಹಾಗೆಯೇ ಒಂದು ಕಮಿಟ್ ಮಾಡುವ ಆಸೆ ಬಲವಾದದ್ದು. ನಾನು ಕೈಗೊಂಡಿರುವ ಕ್ರಮ ಹೀಗಿದೆ: ಯಂತ್ರಕ್ಕೆ ಕೆಲಸ ಒಪ್ಪಿಸುವ ಮುನ್ನ ಇದ್ದ ಸ್ಥಿತಿಯನ್ನು ಒಮ್ಮೆ ಕಮಿಟ್ ಮಾಡುತ್ತೇನೆ, ಒಂದೇ ಆದೇಶದಲ್ಲಿ ಹಿಂದಿರುಗಲು. ಅದು ಬರೆದುಕೊಟ್ಟದ್ದನ್ನು ಭಾಗಭಾಗವಾಗಿ ಓದಿ, ಹೆಸರು ಬದಲಿಸಿದ್ದು ಒಂದು, ಸಾಗಿಸಿದ್ದು ಒಂದು, ಲೆಕ್ಕ ಬದಲಿಸಿದ್ದು ಒಂದು ಎಂದು ಬೇರ್ಪಡಿಸಿ ಒಂದೊಂದನ್ನೂ ನಡೆಸಿ ನೋಡಿ ಸೇರಿಸುತ್ತೇನೆ. ಟಿಪ್ಪಣಿಯನ್ನೂ ಆ ಯಂತ್ರ ಬರೆದುಕೊಡಬಲ್ಲದು, ನನಗಿಂತ ಶುದ್ಧವಾಗಿಯೇ. ಆದರೆ ಯಾವುದೋ ಊರಿನ ಶಾಖೆಯಿಂದ ಗುಮಾಸ್ತೆಯೊಬ್ಬಳು ಫೋನು ಮಾಡಿದ್ದರಿಂದ ಈ ಲೆಕ್ಕವನ್ನು ಬದಲಿಸಬೇಕಾಯಿತೆಂಬುದು ಅದಕ್ಕೆ ತಿಳಿಯದು. ಆ ಒಂದು ವಾಕ್ಯವನ್ನು ಮಾತ್ರ ನಾನೇ ಬರೆಯುತ್ತೇನೆ.